ಕೊರವಂಗಲದಲ್ಲಿ ಕಂಡ ಜಪಾನಿನ ಪಿಂಗಾಣಿ

ಹಾಸನದಿಂದ ಅರಸೀಕೆರೆಯ ಕಡೆಗೆ ಸುಮಾರು ಹತ್ತು ಕಿಲೋಮೀಟರು ಸಾಗಿದರೆ ಕೊರವಂಗಲ ಸಿಗುತ್ತದೆ. ಬೇಲೂರು, ಹಳೇಬೀಡುಗಳಿಗೆ ಧಾವಿಸುವ ಪ್ರವಾಸಿಗರು ಈ ಊರಿನತ್ತ ತಿರುಗಿ ನೋಡುವುದು ವಿರಳ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕೊರವಂಗಲದ ಬೂಚೇಶ್ವರನಿಗೆ ಆ ಕೀರ್ತಿಯೂ ಇಲ್ಲ, ಆ ಕೀರ್ತಿಯೊಡನೆ ಬರುವ ಗದ್ದಲವೂ ಇಲ್ಲ. ಸಮಾಧಾನದಿಂದ ನೋಡಬೇಕೆನ್ನುವವರಿಗೆ ಇದೇ ಅನುಕೂಲ.

ಹೊಯ್ಸಳರ ಅಧಿಕಾರಿಯಾಗಿದ್ದ ಬೂಚಿರಾಜನು ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂಭ್ರಮದಲ್ಲಿ, ಕ್ರಿ.ಶ. 1173ರಲ್ಲಿ, ಈ ದೇವಾಲಯವನ್ನು ಕಟ್ಟಿಸಿದನು. ಒಂದು ತುದಿಯಲ್ಲಿ ಶಿವನ ಗರ್ಭಗೃಹ, ಅದಕ್ಕೆ ಎದುರಾಗಿ ಇನ್ನೊಂದು ತುದಿಯಲ್ಲಿ ಸೂರ್ಯನ ಗುಡಿ, ನಡುವೆ ಮಂಟಪಗಳು. ಬಳಪದ ಕಲ್ಲಿನ ಹೊರಗೋಡೆಗಳ ಮೇಲೆ ದೇವತಾಮೂರ್ತಿಗಳ ಸಾಲು. ಗೋವಿಂದೇಶ್ವರ, ನಾಕೇಶ್ವರ ಎಂಬ ಇನ್ನೆರಡು ಗುಡಿಗಳು ಬೂಚಿರಾಜನ ಸಹೋದರರ ಹೆಸರಿನವು, ಅವು ಜೀರ್ಣವಾಗಿವೆ. ಕಲ್ಯಾಣದಲ್ಲಿ ಶರಣ ಸಮುದಾಯ ಚದುರಿಹೋದ ಕೆಲವೇ ವರ್ಷಗಳಲ್ಲಿ ಇಲ್ಲಿ ಈ ಗುಡಿ ಎದ್ದಿತೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಗೆದ ಪರಂಪರೆಯಲ್ಲಿ ಬೆಳೆದ ನನ್ನಂಥವನಿಗೂ ಈ ಗೋಡೆಗಳೆದುರು ನಿಂತಾಗ ಶಿಲ್ಪಿಯ ಕಾಯಕಕ್ಕೆ ಕೈ ಮುಗಿಯಬೇಕೆನಿಸುತ್ತದೆ. ಕಟ್ಟಿಸಿದವನ ಸಂಪತ್ತಿಗಲ್ಲ, ಕೆತ್ತಿದವನ ಕೈಗೆ.

ಇನ್ನೊಂದು ಮಾತು. ಯಾರು ಕಟ್ಟಿಸಿದರು, ಯಾವ ಅರಸನ ಕಾಲ, ಯಾವ ಸಂದರ್ಭ ಎಂಬುದನ್ನು ನಾವು ಇಂದು ಇಷ್ಟು ನಿಶ್ಚಯವಾಗಿ ಹೇಳಬಲ್ಲೆವಾದರೆ, ಅದಕ್ಕೆ ಕಾರಣ ಶಾಸನ. ಶಾಸನವಿಲ್ಲದಿದ್ದರೆ ಬೂಚೇಶ್ವರವು ‘ಹಳೆಯ ಕಾಲದ್ದೊಂದು ಗುಡಿ’ಯಾಗಿ ಉಳಿಯುತ್ತಿತ್ತು. ಅದೇ ಊರಿನ ಒಂದು ಮನೆಯಲ್ಲಿ ಈ ಮಾತು ನನಗೆ ಬೇರೆ ರೀತಿಯಲ್ಲಿ ಮನವರಿಕೆಯಾಯಿತು.

ಪರಿಚಿತರಾದ ಒಕ್ಕಲು ಕುಟುಂಬವೊಂದು ತಮ್ಮ ಹೆಂಚಿನ ಮನೆಯನ್ನು ಕೆಡವಿ ಹೊಸ ಮನೆ ಕಟ್ಟುವ ಸಿದ್ಧತೆಯಲ್ಲಿತ್ತು. ಅಟ್ಟ ಖಾಲಿ ಮಾಡುವಾಗ ಒಂದು ಗಂಟು ಕಡತ ಸಿಕ್ಕಿದೆ, ಬಂದು ಓದಿಕೊಡಬೇಕೆಂದು ಹೇಳಿ ಕಳುಹಿಸಿದ್ದರು. ಮಠದಲ್ಲಿ ಓದಿದವನಿಗೆ ಮೋಡಿ ಅಕ್ಷರದ ಪರಿಚಯವಿರುತ್ತದೆಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಇದೆ. ಕಡತದಲ್ಲಿದ್ದುದು ಕೊಬ್ಬರಿಯ ಲೆಕ್ಕ, ಸಾಲದ ಲೆಕ್ಕ. ಅರ್ಧ ಗಂಟೆಯಲ್ಲಿ ಮುಗಿಯಿತು. ಅದರ ಪಕ್ಕದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಕಪ್ಪು ಸಾಸರುಗಳನ್ನು ನೋಡುತ್ತ ಕುಳಿತವನು ಏಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಐದು ಕಪ್ಪು, ಆರು ಸಾಸರು, ಮುಚ್ಚಳದ ಅಂಚು ಚೂರು ಮುಕ್ಕಾದ ಒಂದು ಟೀ ಪಾತ್ರೆ. ಪ್ರತಿಯೊಂದರ ಮೇಲೂ ಅದೇ ಚಿತ್ರ: ಸಂಜೆಯ ಹಳದಿ ಆಕಾಶ, ನಿಂತ ನೀರು, ದಡದಲ್ಲೊಂದು ಮನೆ, ಮನೆಯ ಮುಂದೆ ಮರ. ಅಂಚಿಗೆ ಚಿನ್ನದ ಗೆರೆ. ಮನೆಯ ಹಿರಿಯರಾದ ಅವ್ವನವರು, ವಯಸ್ಸು ಎಂಬತ್ತು ದಾಟಿದೆ, ಒಂದು ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು: “ನೋಡಿ ಗುರುಗಳೇ, ನಮ್ಮೂರ ಕೆರೆ ಇದ್ದಂಗೇ ಇಲ್ವಾ? ನಾನು ಮದ್ವೆಯಾಗಿ ಬಂದಾಗ ಇದು ನಮ್ಮೂರ ಚಿತ್ರಾನೇ ಅಂದ್ಕೊಂಡಿದ್ದೆ.”

ಕಪ್ಪಿನ ತಳದಲ್ಲಿ ಹಸಿರು ಬಣ್ಣದ ಮುದ್ರೆ. ಎಲೆಬಳ್ಳಿಯ ಮಾಲೆ, ಅದರ ನಡುವೆ ಇಂಗ್ಲಿಷಿನ ‘ಎಂ’ ಅಕ್ಷರ, ಸುತ್ತ ‘ನೊರಿಟಾಕೆ’, ‘ಹ್ಯಾಂಡ್ ಪೇಂಟೆಡ್’, ‘ಮೇಡ್ ಇನ್ ಜಪಾನ್’ ಎಂಬ ಬರಹ. ಇದು ಆ ಕಪ್ಪಿನ ಶಾಸನ.

ಶಾಸನವನ್ನು ಓದಬೇಕಾದರೆ ರಾಜವಂಶದ ಪರಿಚಯ ಬೇಕಾಗುವಂತೆ, ಈ ಮುದ್ರೆಯನ್ನು ಓದಲು ಜಪಾನಿನ ಪಿಂಗಾಣಿಯ ಕಥೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ‘ಪಿಂಗಾಣಿ’ ಎಂಬ ಮಾತು ಪಾರಸಿ ಮೂಲದ್ದೆಂದು ಪಂಡಿತರು ಹೇಳುತ್ತಾರೆ; ಅಲ್ಲಿ ಅದರ ಅರ್ಥ ಬಟ್ಟಲು. ವಸ್ತುವಾದರೋ ಮೊದಲು ಚೀನಾದ್ದು. ಜಪಾನಿಗೆ ಆ ವಿದ್ಯೆ ಬಂದದ್ದು ಕೊರಿಯಾದಿಂದ, ಅದೂ ಯುದ್ಧದ ಮೂಲಕ. ಹದಿನಾರನೆಯ ಶತಮಾನದ ಕೊನೆಯಲ್ಲಿ ಹಿದೆಯೋಶಿಯ ಸೈನ್ಯ ಕೊರಿಯಾದ ಮೇಲೆ ದಂಡೆತ್ತಿ ಹೋಗಿ ಹಿಂದಿರುಗುವಾಗ ಕುಂಬಾರರನ್ನೂ ಸೆರೆಹಿಡಿದು ತಂದಿತು. ಅವರಲ್ಲೊಬ್ಬನಾದ ಯಿ ಸಾಮ್‌ಪ್ಯೋಂಗ್ ಎಂಬಾತನು ಅರಿತಾ ಎಂಬ ಊರಿನ ಬಳಿ ಬಿಳಿಯ ಪಿಂಗಾಣಿ ಕಲ್ಲನ್ನು ಕಂಡುಹಿಡಿದನೆಂದೂ, 1616ರಲ್ಲಿ ಅಲ್ಲಿ ಕೆಲಸ ಪ್ರಾರಂಭವಾಯಿತೆಂದೂ ಜಪಾನಿನ ಪರಂಪರೆ ಹೇಳುತ್ತದೆ. ಸೆರೆಯಾಳಾಗಿ ಬಂದ ಕುಂಬಾರನನ್ನು ಆ ಊರಿನವರು ಇಂದು ಮೂಲಪುರುಷನೆಂದು ಗೌರವಿಸುತ್ತಾರೆ.

ಮುಂದೆ ಚೀನಾದಲ್ಲಿ ಮಿಂಗ್ ವಂಶ ಉರುಳಿ ಅಂತರ್ಯುದ್ಧ ನಡೆದಾಗ ಅಲ್ಲಿಂದ ಯೂರೋಪಿಗೆ ಹೋಗುತ್ತಿದ್ದ ಪಿಂಗಾಣಿ ನಿಂತಿತು. ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಜಪಾನಿನತ್ತ ತಿರುಗಿ 1659ರಲ್ಲಿ ಹತ್ತಾರು ಸಾವಿರ ಪಾತ್ರೆಗಳಿಗೆ ಬೇಡಿಕೆ ಇತ್ತಿತು. ಅರಿತಾದ ಸರಕು ಹಡಗೇರುತ್ತಿದ್ದುದು ಇಮಾರಿ ಎಂಬ ಬಂದರಿನಲ್ಲಿ; ಆದ್ದರಿಂದ ಅದಕ್ಕೆ ‘ಇಮಾರಿ’ ಎಂದೇ ಹೆಸರಾಯಿತು. ಇದೇ ಡಚ್ ಕಂಪನಿಯವರು ಆ ಶತಮಾನದಲ್ಲಿಯೇ ನಮ್ಮ ಕೆಳದಿ ಅರಸರ ಬಸರೂರಿನಲ್ಲಿ ಅಕ್ಕಿಯ ವ್ಯಾಪಾರ ನಡೆಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಕಡಲು ಒಂದೇ, ಹಡಗುಗಳೂ ಒಂದೇ ಕಂಪನಿಯವು.

ಕೊರವಂಗಲದ ಕಪ್ಪು ಅಷ್ಟು ಹಳೆಯದಲ್ಲ. ಮೊರಿಮುರಾ ಸಹೋದರರು 1876ರಲ್ಲಿ ಜಪಾನಿನ ಕುಶಲ ವಸ್ತುಗಳನ್ನು ಅಮೆರಿಕೆಗೆ ಕಳುಹಿಸುವ ವ್ಯಾಪಾರ ಆರಂಭಿಸಿದರು. ಬೇರೆ ಬೇರೆ ನಗರಗಳಲ್ಲಿ ಚದುರಿದ್ದ ಚಿತ್ರಗಾರರನ್ನು ಕ್ರಮೇಣ ನಗೋಯಾ ನಗರದಲ್ಲಿ ಒಟ್ಟುಗೂಡಿಸಿದರು. 1904ರಲ್ಲಿ ಆ ನಗರದ ಪಕ್ಕದ ನೊರಿಟಾಕೆ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಸ್ಥಾಪಿತವಾಯಿತು. ಪಾಶ್ಚಾತ್ಯರು ಒಪ್ಪುವಂಥ ಬಿಳುಪಿನ, ಸಪಾಟಾದ ಊಟದ ತಟ್ಟೆಯನ್ನು ಮಾಡಲು ಅವರಿಗೆ ಮತ್ತೆ ಹತ್ತು ವರ್ಷ ಹಿಡಿಯಿತು. ಮೊದಲ ಪೂರ್ಣ ಊಟದ ಸೆಟ್ಟು ಹೊರಬಂದದ್ದು 1914ರಲ್ಲಿ. ಹತ್ತು ವರ್ಷ ಒಂದು ತಟ್ಟೆಗಾಗಿ! ಕಾಯಕವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಾವು ಇದನ್ನು ಒಮ್ಮೆ ನಿಂತು ಯೋಚಿಸಬೇಕು. ಮುದ್ರೆಯ ‘ಎಂ’ ಅಕ್ಷರ ಆ ಮೊರಿಮುರಾ ಮನೆತನದ್ದು.

1914ರಲ್ಲಿಯೇ ಮೊದಲನೆಯ ಮಹಾಯುದ್ಧವೂ ಆರಂಭವಾಯಿತು. ಯೂರೋಪಿನ ಸಾಮಾನು ಬರುವುದು ಕಷ್ಟವಾದಾಗ ಭಾರತದ ಪೇಟೆಗಳನ್ನು ಜಪಾನಿನ ಸರಕು ತುಂಬಿತು: ಬಟ್ಟೆ, ಗಾಜಿನ ಬಳೆ, ಆಟಿಕೆ, ಬೆಂಕಿಪೊಟ್ಟಣ, ಪಿಂಗಾಣಿ. ಜಪಾನಿನ ಅವಾಜಿ ದ್ವೀಪದಲ್ಲಿ ನಮ್ಮ ಲಕ್ಷ್ಮಿ, ಸರಸ್ವತಿ, ಕೃಷ್ಣರ ಚಿತ್ರವಿರುವ ಬಣ್ಣದ ಟೈಲುಗಳನ್ನೂ ಮಾಡಿ ಇಲ್ಲಿಗೆ ಕಳುಹಿಸುತ್ತಿದ್ದರು. ಮಾದರಿ ರವಿವರ್ಮನ ಅಚ್ಚಿನ ಚಿತ್ರಗಳು. 1941ರ ಡಿಸೆಂಬರಿನಲ್ಲಿ ಜಪಾನು ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿದಾಗ ಈ ಹರಿವು ನಿಂತಿತು. ಆದುದರಿಂದ ನಮ್ಮ ಹಳ್ಳಿಗಳ ಹಿರಿಯ ಮನೆಗಳಲ್ಲಿ ಸಿಗುವ ಜಪಾನಿ ಕಪ್ಪುಗಳು ಬಹುಮಟ್ಟಿಗೆ ಆ ಇಪ್ಪತ್ತೈದು ಮೂವತ್ತು ವರ್ಷಗಳ ಅವಧಿಯವು. ಕೊರವಂಗಲದ ಮನೆಯವರು ಹೇಳುವುದೂ ಇದಕ್ಕೆ ಹೊಂದುತ್ತದೆ. ಅವ್ವನವರ ಮಾವನವರು ಅರಸೀಕೆರೆಯ ಮಂಡಿಗೆ ಕೊಬ್ಬರಿ ಹಾಕಿ, ಒಳ್ಳೆಯ ಬೆಲೆ ಬಂದ ವರ್ಷ ಬೆಂಗಳೂರಿಗೆ ಹೋಗಿ, ಚಿಕ್ಕಪೇಟೆಯಿಂದ ಈ ಸೆಟ್ಟನ್ನು ಬೈಹುಲ್ಲಿನಲ್ಲಿ ಸುತ್ತಿ ತಂದರಂತೆ.

ಇಂಥ ವಸ್ತು ಮನೆಯಲ್ಲಿರುವವರಿಗೆ ಉಪಯೋಗವಾಗುವಂತೆ ತಳದ ಮುದ್ರೆಯ ವಿಷಯವನ್ನು ಇನ್ನಷ್ಟು ಹೇಳುತ್ತೇನೆ. ಆಮದಾದ ವಸ್ತುಗಳ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ 1891ರಿಂದ ಕಡ್ಡಾಯ ಮಾಡಿತು. ಜಪಾನಿಗರು ತಮ್ಮ ಭಾಷೆಯಲ್ಲಿ ದೇಶಕ್ಕಿರುವ ‘ನಿಪ್ಪಾನ್’ ಎಂಬ ಹೆಸರನ್ನು ಒತ್ತಿದರು. 1921ರಲ್ಲಿ ಆ ಹೆಸರು ಸಾಲದು, ‘ಜಪಾನ್’ ಎಂದೇ ಇರಬೇಕೆಂದು ಅಮೆರಿಕ ಆಗ್ರಹಪಡಿಸಿತು. ಎರಡನೆಯ ಮಹಾಯುದ್ಧದಲ್ಲಿ ಸೋತ ಮೇಲೆ, 1947ರಿಂದ 1952ರವರೆಗೆ, ‘ಆಕ್ಯುಪೈಡ್ ಜಪಾನ್’, ಅಂದರೆ ಪರರ ವಶದಲ್ಲಿರುವ ಜಪಾನು, ಎಂದು ಒತ್ತಿದ ಪಾತ್ರೆಗಳೂ ಬಂದವು. ಒಂದು ದೇಶದ ಮಾನಾಪಮಾನಗಳೆಲ್ಲ ಕಪ್ಪಿನ ತಳದಲ್ಲಿವೆ. ಇವು ಅಮೆರಿಕದ ಪೇಟೆಗಾಗಿ ಹುಟ್ಟಿದ ನಿಯಮಗಳಾದ್ದರಿಂದ ನಮ್ಮಲ್ಲಿಗೆ ಬಂದ ಸರಕಿಗೆ ಕಟ್ಟುನಿಟ್ಟಾಗಿ ಅನ್ವಯಿಸಲಾಗದು. ದಾರಿತೋರುವ ಗುರುತುಗಳೆಂದು ಮಾತ್ರ ತಿಳಿಯಬೇಕು. ಮುದ್ರೆಯೇ ಇಲ್ಲದ ಪಾತ್ರೆ ಬಹಳ ಹಳೆಯದಿರಬಹುದು, ತೀರ ಅಗ್ಗದ್ದೂ ಇರಬಹುದು. ನಕಲಿ ಮುದ್ರೆಗಳೂ ಪೇಟೆಯಲ್ಲಿವೆ.

‘ಹ್ಯಾಂಡ್ ಪೇಂಟೆಡ್’ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಕೈಬರಹವೇ ಎಂದು ನಂಬಬೇಕಾಗಿಲ್ಲ. ಅಚ್ಚಿನ ಚಿತ್ರವನ್ನು ಅಂಟಿಸಿ ಅಂಚಿಗೆ ಮಾತ್ರ ಕುಂಚ ಎಳೆದವೂ ಉಂಟು. ಭೂತಗನ್ನಡಿ ಹಿಡಿದರೆ ಅಚ್ಚಿನ ಚಿತ್ರ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಕುಂಚದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಹರಿಯುತ್ತದೆ. ಇನ್ನೂ ಸುಲಭವಾದ ಪರೀಕ್ಷೆಯೆಂದರೆ ಎರಡು ಕಪ್ಪುಗಳನ್ನು ಪಕ್ಕಪಕ್ಕದಲ್ಲಿ ಇಡುವುದು. ಕೊರವಂಗಲದ ಐದು ಕಪ್ಪುಗಳಲ್ಲಿ ಒಂದರ ಮರ ಸ್ವಲ್ಪ ಎಡಕ್ಕೆ ವಾಲಿದೆ, ಇನ್ನೊಂದರ ಮನೆಗೆ ಕಿಟಕಿಯೇ ಇಲ್ಲ. ದಿನಕ್ಕೆ ಎಷ್ಟು ಕಿಟಕಿಗಳನ್ನು ಬರೆಯಬೇಕಾಗಿತ್ತೋ ಆ ಪುಣ್ಯಾತ್ಮ, ಒಂದನ್ನು ಮರೆತಿದ್ದಾನೆ. ಅಥವಾ ಮರೆತಿದ್ದಾಳೆ. ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿ ಹೋದರು. ನಗೋಯಾದ ಈ ಬಗೆಯ ಸಾಮಾನ್ಯ ಕಪ್ಪುಗಳಿಗೆ ಬಣ್ಣ ಹಾಕಿದವರಿಗೆ ಆ ಅವಕಾಶ ಸಿಗಲಿಲ್ಲ. ಮುದ್ರೆಯಲ್ಲಿರುವುದು ವ್ಯಾಪಾರಿಯ ಹೆಸರು. ಚಿತ್ರಗಾರನ ಗುರುತು ಆ ಮರೆತ ಕಿಟಕಿ ಒಂದೇ.

ಮೊದಲ ಸುಡುವಿಕೆಯಲ್ಲಿ ಮಣ್ಣು ಗಟ್ಟಿಯಾಗುತ್ತದೆ; ಎರಡನೆಯದರಲ್ಲಿ, ಸುಮಾರು 1300 ಡಿಗ್ರಿ ಶಾಖದಲ್ಲಿ, ಗಾಜಿನ ಲೇಪ ಕರಗಿ ಮೈಗೆ ಹತ್ತುತ್ತದೆ. ನೀಲಿ ಬಣ್ಣವನ್ನು ಲೇಪದ ಕೆಳಗೆ ಬರೆಯಬಹುದು, ಅದು ಎಂದೂ ಮಾಸದು. ಕೆಂಪು, ಹಸಿರು, ಹಳದಿ, ಚಿನ್ನ ಇವು ಅಷ್ಟು ಶಾಖ ತಾಳದ ಕಾರಣ ಲೇಪದ ಮೇಲೆ ಬರೆದು ಸುಮಾರು 800 ಡಿಗ್ರಿಯಲ್ಲಿ ಮತ್ತೆ ಸುಡುತ್ತಾರೆ. ಹೀಗೆ ಮೇಲೆ ಕುಳಿತ ಬಣ್ಣ ಉಜ್ಜಿದರೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳು ಹಿತ್ತಾಳೆಗೆ ಹಚ್ಚುವ ಹುಣಸೆಹಣ್ಣು, ಬೂದಿಗಳನ್ನು ಇದಕ್ಕೆ ಹಚ್ಚಲೇಬಾರದು. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವುದರಿಂದ ಮಜ್ಜಿಗೆ, ಹುಳಿ, ಉಪ್ಪಿನಕಾಯಿ ಮುಂತಾದ ಹುಳಿ ಪದಾರ್ಥಗಳನ್ನು ಇವುಗಳಲ್ಲಿ ಬಡಿಸುವುದು ಆರೋಗ್ಯಕ್ಕೆ ಹಿತವಲ್ಲ. ಚಿನ್ನದ ಗೆರೆಯಿರುವುದನ್ನು ಮೈಕ್ರೋವೇವ್ ಒಲೆಯಲ್ಲಿಟ್ಟರೆ ಕಿಡಿ ಹಾರುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಪಿಂಗಾಣಿಯಲ್ಲಿ ಎಲುಬು ಇರುತ್ತದೆಯಂತಲ್ಲ? ಇದು ಅರ್ಧ ನಿಜ. ‘ಬೋನ್ ಚೈನಾ’ ಎಂಬುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಬೇರೆಯೇ ಬಗೆ. ಅದರಲ್ಲಿ ಸುಮಾರು ಅರ್ಧ ಭಾಗ ಸುಟ್ಟ ಎಲುಬಿನ ಬೂದಿ. ಅರಿತಾದ ಪಿಂಗಾಣಿ ಕಲ್ಲು ಮತ್ತು ಮಣ್ಣಿನದು, ಎಲುಬಿನ ಸೋಂಕಿಲ್ಲ. ನೊರಿಟಾಕೆ ಕಾರ್ಖಾನೆಯೂ ಎಲುಬಿನ ಪಿಂಗಾಣಿಗೆ ಕೈಹಾಕಿದ್ದು 1930ರ ದಶಕದಲ್ಲಿ. ಅಂಥದರ ತಳದಲ್ಲಿ ಸಾಮಾನ್ಯವಾಗಿ ಹಾಗೆಂದು ಬರೆದಿರುತ್ತದೆ. ಕೊರವಂಗಲದ ಕಪ್ಪಿನ ಮೇಲೆ ಆ ಮಾತಿಲ್ಲವೆಂದು ತಿಳಿಸಿದಾಗ ಅವ್ವನವರಿಗೆ ಸಮಾಧಾನವಾಯಿತು. ಎಪ್ಪತ್ತು ವರ್ಷ ಈ ಸಂದೇಹವನ್ನು ಇಟ್ಟುಕೊಂಡೇ ಅವುಗಳನ್ನು ಅಡುಗೆಮನೆಯಿಂದ ಹೊರಗಿಟ್ಟಿದ್ದರಂತೆ.

ಪಿಂಗಾಣಿಗೂ ನಮ್ಮ ನಾಡಿಗೂ ಇನ್ನೊಂದು ನಂಟುಂಟು, ಅದನ್ನು ಬಿಡಲಾಗದು. ನೊರಿಟಾಕೆ ಸಂಸ್ಥೆಯಿಂದಲೇ 1919ರಲ್ಲಿ ವಿದ್ಯುತ್ ಕಂಬಗಳ ಪಿಂಗಾಣಿ ಬಿಲ್ಲೆಗಳನ್ನು ಮಾಡುವ ಎನ್‌ಜಿಕೆ ಎಂಬ ಸಂಸ್ಥೆ ಕವಲೊಡೆಯಿತು. ಬೆಂಗಳೂರಿನ ಮಲ್ಲೇಶ್ವರದ ಕಡೆ ಮೈಸೂರು ಸರ್ಕಾರ ಸ್ಥಾಪಿಸಿದ್ದ ಪಿಂಗಾಣಿ ಕಾರ್ಖಾನೆಗೆ ಸ್ವಾತಂತ್ರ್ಯಾನಂತರ ತಾಂತ್ರಿಕ ನೆರವು ನೀಡಿದ್ದು ಅದೇ ಎನ್‌ಜಿಕೆ. ಆ ಕಾರ್ಖಾನೆ ಮುಂದೆ ಬಿಎಚ್‌ಇಎಲ್ ಸಂಸ್ಥೆಗೆ ಸೇರಿತು. ಅಮಲ್ದಾರರಿಗೆ ಕಾಫಿ ಕೊಟ್ಟ ಕಪ್ಪಿನ ದಾಯಾದಿಗಳೇ ನಮ್ಮ ಹಳ್ಳಿಗಳ ಕಂಬಗಳಿಗೆ ಬಿಲ್ಲೆ ಮಾಡುವ ವಿದ್ಯೆಯನ್ನೂ ಕೊಟ್ಟರು.

ಇನ್ನು ಸಂಗ್ರಹದ ಮಾತು. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ಪಿಂಗಾಣಿಯ ದೊಡ್ಡ ಭಂಡಾರವೇ ಇದೆ. ಸಂಗ್ರಹದ ಬಹುಪಾಲು ಮೂರನೆಯ ಸಾಲಾರ್‌ಜಂಗರು ಕೂಡಿಸಿದ್ದು; ಅವರು 1949ರಲ್ಲಿ ತೀರಿಕೊಂಡ ಮೇಲೆ 1951ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲೂ ಪಿಂಗಾಣಿಗಳಿವೆ. ಅಂಥ ಕಡೆ ನಿಂತು ನೋಡಿದಾಗ ಕಣ್ಣು ತುಂಬುತ್ತದೆ, ನಿಜ. ಆದರೆ ಸಾಲು ಸಾಲು ಹೂದಾನಿಗಳಲ್ಲಿ ಯಾವುದು ಯಾವ ಮನೆಯಲ್ಲಿತ್ತು, ಯಾರು ಮುಟ್ಟಿದರು ಎಂಬುದು ಮಾತ್ರ ತಿಳಿಯುವುದಿಲ್ಲ. ಮನೆಯೊಳಗಿನ ಐದು ಕಪ್ಪುಗಳಿಗೆ ಆ ಮಟ್ಟಿಗೆ ಅರಮನೆಯ ಐನೂರು ಕಪ್ಪುಗಳಿಗಿಂತ ಹೆಚ್ಚಿನ ಸಿರಿ ಇದೆಯೆಂದು ನಾನು ಬಲ್ಲೆ.

ಆ ಸಿರಿ ಹೋಗುವುದು ಮಾರಾಟದಲ್ಲಿ. ಹಳೆಯ ಮನೆ ಕೆಡವುವ ಸುದ್ದಿ ಎಲ್ಲಿಂದಲೋ ತಿಳಿದು, ಬೆಂಗಳೂರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಆಗಲೇ ಬಂದು ಹೋಗಿದ್ದರು. ಬಾಗಿಲುವಾಡ, ಕಂಬ, ಹಿತ್ತಾಳೆ ಕೊಳಗ, ಈ ಸೆಟ್ಟು, ಎಲ್ಲಕ್ಕೂ ಸೇರಿ ಬೆಲೆ ಹೇಳಿದ್ದರು. ಹಿರಿಯ ಮಗನಿಗೆ ಕೊಡುವ ಮನಸ್ಸು. ಮನೆ ಕಟ್ಟುವವನಿಗೆ ಪ್ರತಿ ರೂಪಾಯಿಯೂ ಬೇಕು, ಅದನ್ನು ತಪ್ಪೆನ್ನಲಾಗದು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಈ ಕಪ್ಪುಗಳು ಆ ವಯಸ್ಸಿನ ಸಮೀಪದಲ್ಲಿವೆ. ದೇಶದೊಳಗೆ ಯಾವ ಹೋಟೆಲಿನ ಷೋಕೇಸಿಗೆ ಹೋಗುತ್ತವೋ ಹೇಳುವವರಿಲ್ಲ.

ಮಾತಿನ ನಡುವೆ ಅವ್ವನವರು ಎದ್ದು ಕೊಟ್ಟಿಗೆಯ ಕಡೆ ಹೋಗಿ ಇನ್ನೊಂದು ಕಪ್ಪು ತಂದರು. ಗೋಡೆಯ ಗೂಡಿನಲ್ಲಿ ಇದ್ದದ್ದು. ಬಿಳಿಯ ಮೈ, ಚಿತ್ರವಿಲ್ಲ, ಹಿಡಿ ಮುರಿದಿದೆ, ಒಳಗೆ ಜೇಡರ ಬಲೆ. ತೊಳೆದು ತಿರುಗಿಸಿದರೆ ತಳದಲ್ಲಿ ಮಾಸಿದ ಅಕ್ಷರ: ‘ಮೇಡ್ ಇನ್ ಜಪಾನ್’. ಇಷ್ಟೇ.

“ಅವು ಅಮಲ್ದಾರ್ರು, ಶೇಕದಾರ್ರು ಬಂದಾಗ ತೆಗೀತಿದ್ದೋ. ಇದು ಕೇರಿಯಿಂದ ಆಳುಗಳು ಬರೋರಲ್ಲ, ಅವ್ರಿಗೆ. ಅವ್ರೇ ಗೂಡಿಂದ ತಕ್ಕೊಂಡು, ಕುಡ್ದು, ತೊಳ್ದು, ಅಲ್ಲೇ ಇಡ್ಬೇಕು. ನಮ್ಮತ್ತೆ ಮೇಲಿಂದ ಹುಯ್ಯೋರು. ಆಮೇಲೆ ನಾನೂ ಹುಯ್ದಿದೀನಿ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ವ್ಯಾಪಾರಿ ಇದನ್ನ ಮುಟ್ಟಿ ನೋಡ್ಲಿಲ್ಲ” ಎಂದರು.

ಅವ್ವನವರು ಸೊಸೆಯಾಗಿ ಬಂದದ್ದು 1950ರ ದಶಕದ ನಡುವಿನಲ್ಲಿ. ಸಂವಿಧಾನ ಆಗಲೇ ಜಾರಿಗೆ ಬಂದಿತ್ತು; ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರಲ್ಲಿ ಬಂದಿತು. ಕಾಯಿದೆಗಳಿಗೆ ಎಂಟು ಶತಮಾನ ಮೊದಲೇ ಈ ಭೇದವನ್ನು ಅಳಿಸಲು ಹೋಗಿ ಕಲ್ಯಾಣದಲ್ಲಿ ಶರಣರು ಪ್ರಾಣ ತೆತ್ತರು. ಅವರ ಹೆಸರು ಹೇಳುವ ಮನೆಗಳ ಕೊಟ್ಟಿಗೆಯಲ್ಲಿಯೇ ಆ ಗೂಡು ಇತ್ತು, ಆ ಕಪ್ಪು ಇತ್ತು. ಒಂದು ಮನೆಯ ಮಾತಲ್ಲ ಇದು. ಈ ಪತ್ರಿಕೆಯನ್ನು ಓದುತ್ತಿರುವ ಹಿರಿಯರಲ್ಲಿ ಹಲವರಿಗೆ ತಮ್ಮ ಮನೆಯ ಗೂಡು ಎಲ್ಲಿತ್ತೆಂಬುದು ನೆನಪಿದ್ದೀತು.

ಚಿತ್ರದ ಕಪ್ಪುಗಳನ್ನು ಇಟ್ಟುಕೊಳ್ಳುವುದಾದರೆ ಇದನ್ನೂ ಅವುಗಳ ಪಕ್ಕದಲ್ಲಿಯೇ ಇಡಬೇಕೆಂದು ನಾನು ಹೇಳಿದೆ. ಮಗನಿಗೆ ಅದು ಸರಿಬರಲಿಲ್ಲ: “ಹೊಸಮನೆ ಷೋಕೇಸಿನಲ್ಲಿ ಒಡೆದದ್ದು ಇಡೋದಾ ಗುರುಗಳೇ? ಬಂದೋರು ಕೇಳಿದ್ರೆ ಏನು ಹೇಳೋದು?” ಕೇಳಿದರೆ ಹೇಳುವುದಕ್ಕಾಗಿಯೇ ಇಡುವುದಲ್ಲವೇ ಎಂದೆ. ಒಡೆದ ಪಾತ್ರೆ ಮನೆಯಲ್ಲಿ ಅಶುಭವೆಂಬ ಮಾತೂ ಬಂತು. ಆ ಮಾತಿಗೆ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಐದು ಕಪ್ಪುಗಳು ಮನೆತನದ ಒಳ್ಳೆಯ ವರ್ಷವನ್ನು ಹೇಳುತ್ತವೆ. ಅವುಗಳನ್ನಷ್ಟೇ ಇಟ್ಟರೆ ಅದು ಹೊಗಳುಭಟರ ಶಾಸನವಾಗುತ್ತದೆ.

ಹಾಸನದ ಕಾಲೇಜಿನಲ್ಲಿ ಓದುವ ಮೊಮ್ಮಗಳು ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಂದು ನೋಟ್ ಪುಸ್ತಕ ತಂದು ಅಜ್ಜಿಯ ಪಕ್ಕ ಕುಳಿತಳು. ಅರಸೀಕೆರೆ, ಕೊಬ್ಬರಿ, ಚಿಕ್ಕಪೇಟೆ, ಬೈಹುಲ್ಲು, ಅಂದಾಜಿನ ವರ್ಷ, ಆರನೆಯ ಕಪ್ಪನ್ನು ಒಡೆದ ಮಗು ಯಾರು ಎಂಬುದೆಲ್ಲ ಬರೆಸಿಕೊಂಡಾಯಿತು. ಬಳಿಕ ಅವಳು ಹಿಡಿಯಿಲ್ಲದ ಕಪ್ಪನ್ನು ತೋರಿಸಿ, “ಅಜ್ಜಿ, ಇದ್ರಲ್ಲಿ ಕುಡೀತಿದ್ದೋರು ಯಾರ್‍ಯಾರು? ಹೆಸ್ರು ಹೇಳಿ” ಎಂದಳು.

ಅವ್ವನವರು ಯೋಚಿಸಿ ಯೋಚಿಸಿ ನಾಲ್ಕು ಹೆಸರು ಹೇಳಿದರು, ಮೂರು ಗಂಡಸರದು, ಒಂದು ಹೆಂಗಸಿನದು. ಐದನೆಯದು ಬಾಯಿಗೆ ಬರಲಿಲ್ಲ. ಅದಕ್ಕೆಂದು ಹುಡುಗಿ ಒಂದು ಸಾಲು ಖಾಲಿ ಬಿಟ್ಟಳು.